ಅಮ್ಮನ ತೋಟಾ

ರೈಫಲ್ ಸಿಡಿಯಬಹುದಿತ್ತು, ಅಮ್ಮನ ಕಣ್ಣು ಹೋಗಬಹುದಿತ್ತು, ಅಮೆರಿಕದ ಮಾರಿಸ್‌ಟೌನ್‌ನ ನಮ್ಮ ಮನೆಯ ಬೇಸ್‌ಮೆಂಟೇ ಹಾರಿಹೋಗಬಹುದಿತ್ತು. ಹಿತ್ತಾಳೆಯ ವಾಸನೆ ಬಂದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ನಡೆಯದೇ ಹೋದ ಈ ಸಂಗತಿಗಳೇ; ಹೀಗೆ ಕೆಟ್ಟದ್ದನ್ನೇ ಮೊದಲು ಊಹಿಸುವುದು ಅಪ್ಪನ ಬಳುವಳಿ.

ಕೊಡಗಿನವಳಾದ ಅಮ್ಮ ರೈಫಲ್ ಸ್ಪರ್ಧೆಗೆ ಬೇಕಾದ ತೋಟಾಗಳಿಗೆ ಬೇಸ್‌ಮೆಂಟಿನಲ್ಲಿ ತಾನೇ ಮದ್ದು ತುಂಬಿಕೊಳ್ಳುತ್ತಿದ್ದಳು. ಆ ಮಧ್ಯಾಹ್ನ ಹಿತ್ತಾಳೆಯ ಖಾಲಿ ತೋಟಾಗಳನ್ನು ಒಂದೊಂದಾಗಿ ಪುಟ್ಟ ತಕ್ಕಡಿಯಲ್ಲಿಡುತ್ತಿದ್ದ ನಾನು, "ಅಮ್ಮಾ, ದಿಸ್ ಒನ್ ಈಸ್ ಹೆವಿಯರ್" ಅಂದೆ.

ಅಮ್ಮ ಅದನ್ನು ತಿರುಗಿಸಿ ತಳದ ಮುದ್ರೆ ನೋಡಿದಳು. "ಬೇರೆ ಕಂಪನಿದು ಸೇರ್ಕೊಂಡಿದೆ ಕಣೇ. ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ. ಅಷ್ಟೇ ಮದ್ದು ಹಾಕಿದ್ರೂ ಒತ್ತಡ ಏರಿಬಿಡ್ತಿತ್ತು."

"ಇಬ್ರೂ ಇನ್ನೂ ಬದುಕಿದ್ದೀರೇನ್ರೇ?" ಅಂತ ಅಪ್ಪ ಮೆಟ್ಟಿಲ ಮೇಲಿಂದಲೇ ಕೂಗಿದರು.

ಮರುದಿನ ಸ್ಪರ್ಧೆಯಲ್ಲಿ ಅಮ್ಮ ಸಿಕ್ಕವರಿಗೆಲ್ಲ "ಮೈ ಡಾಟರ್ ಫೌಂಡ್ ಇಟ್" ಎಂದು ಹೇಳಿಕೊಂಡಳು. ಆ ಸಡಗರದಲ್ಲಿ ಅವಳ ಮೊದಲ ಗುಂಡು ಪಕ್ಕದವರ ಗುರಿಹಲಗೆಗೆ ಬಿತ್ತು, ಸರಿಯಾಗಿ ನಟ್ಟನಡುವಿಗೆ.