ಮದುಮಗಳ ಗುಳಿಗೆ

“ನುಂಗಬೇಡ ಕಣೇ!” ಎಂದು ನರ್ಸ್ ಬತೂಲ್ ಬಾಗಿಲಲ್ಲೇ ಕೂಗಿದಾಗ ಗುಳಿಗೆ ಸಿತ್ತಾನಳ ನಾಲಿಗೆಯ ಮೇಲಿತ್ತು. ಹುಡುಗಿ ಬೆದರಿ ಅದನ್ನು ಅಂಗೈಗೆ ಉಗುಳಿದಳು. ಮದುವೆಗೆ ಇನ್ನೆಂಟೇ ದಿನ. ಗೆಜೀರಾ ಸೀಮೆಯಲ್ಲಿ ಮದುಮಗಳು ಮೈ ತುಂಬಿಕೊಳ್ಳಲೆಂದು ನುಂಗುವ ಗುಳಿಗೆ ಅದು. ಸಂತೆಯಿಂದ ತಂದವಳು ಊರವರೆಲ್ಲ ‘ಹಬೋಬಾ’ ಎನ್ನುವ ಅಜ್ಜಿ ರುಗಯ್ಯಾ.

“ಏನೇ ಬತೂಲ್, ನನ್ನ ಮೊಮ್ಮಗಳು ಒಣಕಡ್ಡಿ ಹಾಗೆ ಅತ್ತೆ ಮನೆ ಸೇರ್ಬೇಕಾ? ನಿನ್ನ ಮದುವೇಲಿ ನೀನೆಷ್ಟು ನುಂಗಿದ್ದೆ ಅಂತ ನಂಗೊತ್ತಿಲ್ವಾ?” ಅಜ್ಜಿ ನಕ್ಕಳು.

“ನುಂಗಿದ್ದೆ ಹಬೋಬಾ. ಆದ್ರೆ ನನ್ನ ಹೊಟ್ಟೇಲಿ ಹುಳ ಇರ್ಲಿಲ್ಲ. ಹೊಟ್ಟೇಲಿ ಉರಿ ಅಂತ ಹೋದ ವಾರ ಇವಳು ಪರೀಕ್ಷೆ ಮಾಡಿಸಿದ್ಲಲ್ಲ, ಚೀಟಿ ಬಂದಿದೆ. ಹಸಿಮಣ್ಣಿಂದ ಅಂಗಾಲಿಗೆ ಹೊಕ್ಕೋ ಹುಳ, ಒಳಗೇ ಮರಿ ಮಾಡ್ಕೊಂಡು ಹೆಚ್ಚುತ್ತೆ. ಅದನ್ನ ಅದುಮಿ ಇಡೋಕೆ ಕರುಳಲ್ಲೇ ಒಂದಷ್ಟು ರಸಗಳು ಹುಟ್ಟುತ್ವೆ. ಅವು ಕೆಲಸ ಮಾಡೋವಾಗ ಉರಿಯೋದು. ಈ ಗುಳಿಗೆ ಆ ರಸಗಳನ್ನೇ ಮಲಗಿಸಿಬಿಡುತ್ತೆ. ಆಮೇಲೆ ಹುಳಾನ ತಡೆಯೋರಿಲ್ಲ. ಎದೆಗೂ ತಲೆಗೂ ಹರಡಿ ಜೀವ ತೆಗೆಯುತ್ತೆ. ಇವತ್ತೇ ಆಸ್ಪತ್ರೆಗೆ ಹೊರಡ್ಸಿ.”

ಅಜ್ಜಿಯ ನಗು ನಿಂತಿತು. ಅವಳ ಮುಖ ನೋಡಲಾರದೆ ಸಿತ್ತಾನ ಸಮಾಧಾನ ಹೇಳಿದಳು: “ನಂಗೇನೂ ಆಗಿಲ್ಲ ಹಬೋಬಾ. ನೀನು ಗುಳಿಗೆ ಕೊಡೋಕೆ ಶುರು ಮಾಡಿದಾಗಿನಿಂದ ಉರೀನೇ ಇಲ್ಲ.”

ರುಗಯ್ಯಾ ಎದ್ದು ಬಂದು ಮೊಮ್ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. “ಸರಿಯಾಗಿ ನೋಡ್ಕೊಂಡು ಹೇಳು ಮಗಾ,” ಎಂದಳು ಬೇಡುವ ದನಿಯಲ್ಲಿ, “ಒಂಚೂರಾದ್ರೂ ಉರೀತಿಲ್ವಾ?”