ಮಗು ಮಲಗಿದ ಹೊತ್ತು

ಆಸ್ಪತ್ರೆಯ ಸಮಾಲೋಚಕಿ ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯ ಕಡೆಗೆ ತಿರುಗಿಸಿದಳು. ಅದರಲ್ಲಿ ಎರಡು ಗೆರೆಗಳಿದ್ದವು. ಕೆಂಪು ತಾಯಿಯದು, ನೀಲಿ ತಂದೆಯದು. ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಮನೆಗೆ ಕರೆದೊಯ್ಯುವಾಗ ಇಬ್ಬರ ಮಣಿಕಟ್ಟಿಗೂ ಗಡಿಯಾರದಂಥ ಪಟ್ಟಿ ಕಟ್ಟಿ ಕಳಿಸಿದ್ದರು. ಮನಸ್ಸಿನ ಒತ್ತಡ ಏರಿದರೆ ಗೆರೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂದಿದ್ದರು. ವಾರದ ಏರಿಳಿತವೆಲ್ಲ ಈಗ ಎದುರಿಗಿತ್ತು. ಕೆಂಪು ಗೆರೆ ಅಲ್ಲಲ್ಲಿ ಗರಗಸದ ಹಲ್ಲಿನಂತೆ ಎದ್ದು ನಿಂತಿತ್ತು.

ಗಂಡ ಲಿಫ್ಟ್ ರಿಪೇರಿಯವನು. ಅರ್ಧ ದಿನ ರಜೆ ಹಾಕಿ ಬಂದವನು, ಇದೆಲ್ಲ ಬೇಗ ಮುಗಿದರೆ ಸಾಕೆಂದು ಕುರ್ಚಿಯ ತುದಿಯಲ್ಲಿ ಕೂತಿದ್ದ. ಹೆಂಡತಿ ಮಗುವನ್ನು ಎದೆಗೊತ್ತಿಕೊಂಡು, ಪರೀಕ್ಷೆಯ ಫಲಿತಾಂಶ ನೋಡಲು ಬಂದವಳಂತೆ ತುಟಿ ಕಚ್ಚಿಕೊಂಡಿದ್ದಳು.

“ಇಲ್ಲಿ ಏನಾಯ್ತಮ್ಮಾ?” ಸಮಾಲೋಚಕಿ ಕೆಂಪು ಗೆರೆಯ ಒಂದು ತುದಿಯ ಮೇಲೆ ಬೆರಳಿಟ್ಟಳು. “ಮಗು ತುಂಬಾ ಅಳ್ತಿತ್ತಾ?”

“ಇಲ್ಲ ಮೇಡಂ. ಮಲಗಿತ್ತು.”

“ಇಲ್ಲಿ?”

“ಆಗ್ಲೂ ಮಲಗಿತ್ತು.” ಅವಳ ದನಿ ಇಳಿಯಿತು. “ಅದು ಅತ್ತರೆ ನನಗೇನೂ ಆಗಲ್ಲ. ಸುಮ್ನಾದ್ರೇನೇ ಜೀವ ಬಾಯಿಗೆ ಬರುತ್ತೆ. ಇಲ್ಲಿದ್ದಾಗ ಆ ಯಂತ್ರ ಸದಾ ಟುಂಯ್ ಟುಂಯ್ ಅಂತಿತ್ತು. ಉಸಿರಾಡ್ತಿದೆ ಅಂತ ಅದೇ ಹೇಳ್ತಿತ್ತು. ಮನೇಲಿ ಯಾರೂ ಹೇಳಲ್ಲ. ಅದಕ್ಕೆ ಅಂಗಾಲಿಗೆ ಮೆಲ್ಲಗೆ ಕಚಗುಳಿ ಇಡ್ತೀನಿ. ಅಲುಗಾಡಿದ್ರೆ ಸಮಾಧಾನ.”

ಗಂಡ ಕಿಟಕಿಯ ಕಡೆ ನೋಡಿದ. ವಾರವೆಲ್ಲ ಇದೇ ರಗಳೆ. ಒಂದು ದಿನ ಅವನು ಕೆಲಸ ಮುಗಿಸಿ ಬಂದಾಗ ಅವಳು ಮಗುವಿನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಳು. “ವಾಪಸ್ ಆಸ್ಪತ್ರೇಲೇ ಬಿಟ್ಟು ಬರೋಣ ರೀ, ನನ್ನ ಕೈಲಿ ಇದು ಉಳಿಯಲ್ಲ” ಎಂದಿದ್ದಳು. ಅವನು ಚೀಲ ಕಿತ್ತುಕೊಂಡು, “ನಿಂಗೆಲ್ಲೋ ತಲೆ ಕೆಟ್ಟಿದೆ” ಎಂದು ಗದರಿದ್ದ. ಅಂದಿನಿಂದ ಅವಳು ಆ ಮಾತೇ ಎತ್ತಿರಲಿಲ್ಲ.

“ನಾನೂ ಹೇಳಿ ಹೇಳಿ ಸಾಕಾಯ್ತು ಮೇಡಂ,” ಎಂದ. “ಮಗು ಗುಂಡುಕಲ್ಲಿನ ಹಾಗಿದೆ, ನೀನು ನಿದ್ದೆ ಮಾಡು ಅಂತ.”

“ಇರಿ, ನಿಮ್ದೂ ನೋಡೋಣ.” ಸಮಾಲೋಚಕಿ ನೀಲಿ ಗೆರೆಯನ್ನು ದೊಡ್ಡದು ಮಾಡಿದಳು. ಅದು ಕೆಂಪನ್ನೂ ಮೀರಿಸಿ ಮೇಲಕ್ಕೆ ಹೋಗಿತ್ತು.

“ಅದು ಕೆಲಸದ ಟೆನ್ಷನ್. ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡ್ರೆ ಸುಮ್ನೇನಾ?”

“ಕೆಲಸದ ಹೊತ್ತಲ್ಲಿ ನೀವು ಕೆರೆ ನೀರಿನ ಹಾಗಿದ್ದೀರಿ. ಇದು ಮನೇಲಿ ಎಲ್ಲರೂ ಮಲಗಿರೋ ಹೊತ್ತು.”

ಅವನು ಮಣಿಕಟ್ಟು ಉಜ್ಜಿಕೊಂಡ. ಇನ್ನೊಂದು ನೆಪ ಹುಡುಕಿದ. ಗೆರೆ ಅಷ್ಟೆತ್ತರಕ್ಕೆ ಕಣ್ಣೆದುರೇ ನಿಂತಿತ್ತು.

“ಇವಳ ಕಣ್ಣು ಹತ್ತಿದ ಮೇಲೆ ನಾನು ಏಳ್ತೀನಿ,” ಎಂದ ಕೊನೆಗೆ, ನೆಲ ನೋಡುತ್ತಾ. “ಮಗು ಮೂಗಿನ ಹತ್ತಿರ ಬೆರಳು ಹಿಡೀತೀನಿ. ನನ್ನ ಕೈ ಒರಟು, ಉಸಿರು ತಾಗುತ್ತೋ ಇಲ್ವೋ ಗೊತ್ತೇ ಆಗಲ್ಲ. ಆಗ ಕೆನ್ನೆ ತಟ್ತೀನಿ.”

ಹೆಂಡತಿ ಅವನ ಕಡೆ ಪೂರ್ತಿ ತಿರುಗಿದಳು. “ಅಂದ್ರೆ, ನಾನು ಅಷ್ಟು ಹೊತ್ತು ತೂಗಿ ಮಲಗಿಸಿದ್ದು ಚಿಟ್ಟನೆ ಚೀರಿ ಏಳ್ತಿತ್ತಲ್ಲ, ಅದು ನೀವಾ?”

“ಹೂಂ.”

“ಮತ್ತೆ ಆ ಗೊರಕೆ?”

“ನೀನು ಏಳೋದು ಗೊತ್ತಾದ ತಕ್ಷಣ ಹಾಸಿಗೆಗೆ ಬಿದ್ದು ಹೊಡೀತಿದ್ದೆ.”

ಅವಳಿಗೆ ನಗು ಬಂತು. ತಡೆಯಲು ಹೋಗಿ, ತಡೆಯಲಾಗದೆ, ಮಗುವಿನ ಸಮೇತ ಕುಲುಕಿ ಕುಲುಕಿ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ, ಅವನಿಗೆ ನೆನಪಾಗಲಿಲ್ಲ.

“ಪಾಪ, ಒಬ್ಬರು ಬಿಟ್ಟರೆ ಒಬ್ಬರು ಎಬ್ಬಿಸ್ತಿದ್ದೀರಿ,” ಎಂದಳು ಸಮಾಲೋಚಕಿ. “ಇದರ ಕೈಗೂ ಒಂದು ಪಟ್ಟಿ ಕಟ್ಟಿದ್ದಿದ್ರೆ ಗೆರೆ ಸೂರಿಗೆ ತಾಗ್ತಿತ್ತು.”

“ನನಗೆ ತಲೆ ಕೆಟ್ಟಿಲ್ಲ ಅಲ್ವಾ ಮೇಡಂ?”

“ಇಲ್ಲಮ್ಮ. ಇಲ್ಲಿಂದ ಮಗು ಕರ್ಕೊಂಡು ಹೋದವರು ಬಹಳ ಜನ ಇದನ್ನೇ ಹೇಳ್ತಾರೆ. ಬೆಳಿಗ್ಗೆ ಡಾಕ್ಟರ್ ನೋಡಿದ್ರಲ್ಲ, ಉಸಿರಾಟ ಚೆನ್ನಾಗಿದೆ, ತೂಕಾನೂ ಏರಿದೆ. ಇದಕ್ಕೆ ಇನ್ನು ಯಂತ್ರ ಬೇಡ. ನಿದ್ದೆ ಬೇಕಾಗಿರೋದು ನಿಮಗೆ. ಸರದಿ ಹಾಕ್ಕೊಳ್ಳಿ. ಒಬ್ಬರು ನೋಡ್ಕೊಳ್ಳುವಾಗ ಇನ್ನೊಬ್ಬರು ಮಲಗಿ. ನಿಜವಾಗ್ಲೂ ಮಲಗಬೇಕು, ಗೊರಕೆ ನಾಟಕ ಅಲ್ಲ.”

“ಮೊದಲ ಸರದಿ ನಂದು,” ಎಂದ ಗಂಡ, ಮನೆ ಸೇರಿದ ಮೇಲೆ. ಕೆಲಸದ ಕಡೆಗೆ ಫೋನ್ ಮಾಡಿ ಉಳಿದ ಅರ್ಧ ದಿನಕ್ಕೂ ರಜೆ ಕೇಳಿದ. ಹೆಂಡತಿ ದಿಂಬಿಗೆ ತಲೆ ಕೊಟ್ಟದ್ದೇ ತಡ, ಈ ಲೋಕದಲ್ಲಿರಲಿಲ್ಲ. ಅವನು ತೊಟ್ಟಿಲ ಪಕ್ಕ ಗೋಡೆಗೊರಗಿ ಕೂತ. ಮಗುವಿನ ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಬೆರಳು ಚಾಚಬೇಕೆನಿಸಿತು, ಚಾಚಲಿಲ್ಲ. ಏಳುತ್ತಿತ್ತು, ಇಳಿಯುತ್ತಿತ್ತು.

ಬಾಗಿಲು ದಬದಬ ಬಡಿದ ಸದ್ದಿಗೆ ಅವನಿಗೆ ಎಚ್ಚರವಾದಾಗ ಸಂಜೆಯ ಬಿಸಿಲು ಗೋಡೆ ಏರಿತ್ತು. ಮಗು ಮನೆ ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಹೆಂಡತಿ ಮಗ್ಗುಲು ಕೂಡ ಬದಲಿಸಿರಲಿಲ್ಲ. ಅವನು ಮಗುವನ್ನು ಎತ್ತಿಕೊಂಡು, ಎಡವುತ್ತಾ ಹೋಗಿ ಬಾಗಿಲು ತೆಗೆದ. ಎದುರು ಮನೆಯಾಕೆ ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದಿದ್ದಳು.

“ಮಗು ಅಳೋದು ಬೀದಿಗೇ ಕೇಳಿಸ್ತಿದೆ, ಅದಕ್ಕೇನೂ ಆಗಿಲ್ಲ ಅಂತ ಗೊತ್ತಾಯ್ತು,” ಎಂದಳು ಅವನ ಕೆದರಿದ ತಲೆ ನೋಡುತ್ತಾ. “ನೀವಿಬ್ಬರು ಉಸಿರಾಡ್ತಿದ್ದೀರೋ ಇಲ್ವೋ ಅಂತ ನೋಡಿ ಹೋಗೋಣ ಅಂತ ಬಂದೆ.”