ಕೊನೆಯ ಸಾಲಿನ ಹೆಸರು

"ಇದು ಹೆಸರಲ್ಲ, ವೇದಾ," ಎಂದರು ಮಿಸೆಸ್ ಹಯಾಶಿ, ಕನ್ನಡಕವನ್ನು ಇನ್ನೊಮ್ಮೆ ಒರೆಸಿಕೊಳ್ಳುತ್ತ.

ವೇದವತಿ ನಕ್ಕಳು. ಗುರುವಾರದ ವಿಮಾನಕ್ಕೆ ಅವಳೂ ಆರು ವರ್ಷದ ಮಗಳು ಪದ್ಮಜಾಳೂ ಜಪಾನಿಗೆ ಹೊರಟಿದ್ದರು. ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಜನವರಿಯಲ್ಲೇ ಕವಾಸಾಕಿಗೆ ಹೋಗಿದ್ದ ಗಂಡ ತಿರುಮಲೇಶ, "ಮನೆ ಮಾಡಿದ್ದೇನೆ, ಮಗುವನ್ನು ಕರೆದುಕೊಂಡು ಬಂದುಬಿಡು" ಎಂದು ಬರೆದಿದ್ದ. ಟ್ಯಾಕ್ಸಿಯವನಿಗೆ ವಿಳಾಸ ಹೇಳುವುದನ್ನಾದರೂ ಕಲಿಯೋಣವೆಂದು, ತಾನು ಅವನಿಗೆ ಬರೆದಿಟ್ಟ ಲಕೋಟೆಯೊಂದನ್ನು ಹಿಡಿದು ಅವಳು ಪಕ್ಕದ ಮನೆಗೆ ಬಂದಿದ್ದಳು. ಅಮೆರಿಕದ ಲಾಸ್ ಆಲ್ಟೋಸಿನ ಆ ಬೀದಿಯಲ್ಲಿ ಜಪಾನಿ ಓದಬಲ್ಲವರು ಈ ಮುದುಕಿಯೊಬ್ಬರೇ.

"ಹೆಸರಲ್ಲದೆ ಇನ್ನೇನು? ಅಲ್ಲಿ ಎಲ್ಲ ಉಲ್ಟಾ, ಊರು ಮೊದಲು, ಆಮೇಲೆ ಕೇರಿ, ಮನೆ, ಮನುಷ್ಯ ಕಟ್ಟಕಡೆಗೆ ಅಂತ ಅವರೇ ಬರೆದಿದ್ರು. ನಮ್ಮ ಪುರೋಹಿತರು ಸಂಕಲ್ಪ ಮಾಡಿಸೋವಾಗ ದ್ವೀಪ, ಖಂಡ ಎಲ್ಲಾ ಹೇಳಿ, ಕೊನೆಗೆ ಗೋತ್ರ, ಹೆಸರು ಹೇಳಿಸ್ತಾರಲ್ಲ, ಹಾಗೆ. ಕೊನೇ ಸಾಲು ಅಂದ್ಮೇಲೆ ಅದು ಹೆಸರೇ."

"ಈ ಸಾಲು ನಿಮಗೆ ಸಿಕ್ಕಿದ್ದೆಲ್ಲಿ?"

ಸಿಕ್ಕಿದ ಕಥೆ ಇಷ್ಟೇ. ಅವಳು ಇಂಗ್ಲಿಷಿನಲ್ಲಿ ವಿಳಾಸ ಬರೆದು ಹಾಕಿದ ಮೊದಲ ಕಾಗದ ಫೆಬ್ರವರಿಯಲ್ಲಿ ವಾಪಸು ಬಂದಿತ್ತು, ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಜಪಾನಿ ಹೊತ್ತುಕೊಂಡು. ಮೈಸೂರಿನಲ್ಲಿ ಅವರ ಬೀದಿಗೆ ಬರುತ್ತಿದ್ದ ಪೋಸ್ಟ್‌ಮನ್ ಕೆಂಪರಾಜು ಬಲು ದೊಡ್ಡ ಮನುಷ್ಯ. ತಪ್ಪು ವಿಳಾಸ ಕಂಡರೆ ಕೆಂಪು ಪೆನ್ನಿನಲ್ಲಿ ಸರಿಯಾದದ್ದನ್ನು ತಾನೇ ಬರೆದು ಮುಟ್ಟಿಸುತ್ತಿದ್ದ. ಅಂಥವನನ್ನು ನೋಡಿ ಬೆಳೆದ ಹುಡುಗಿ ಏನು ತಿಳಿದಾಳು? ಪಾಪ, ಅಲ್ಲಿಯ ಪೋಸ್ಟ್‌ಮನ್ನೂ ಒಳ್ಳೆಯವನು, ಇವರ ಹೆಸರನ್ನು ತನ್ನ ಲಿಪಿಯಲ್ಲಿ ತಿದ್ದಿಕೊಟ್ಟಿದ್ದಾನೆ ಎಂದುಕೊಂಡಳು. ರಂಗೋಲಿ ಎಳೆದ ಕೈ. ಆ ಸಾಲನ್ನು ಒಂದು ಬಳುಕೂ ತಪ್ಪದಂತೆ ಪ್ರತಿ ಲಕೋಟೆಯ ಕೊನೆಗೂ ಇಳಿಸಿದಳು. ಆಮೇಲೆ ಒಂದೂ ವಾಪಸು ಬರಲಿಲ್ಲ. ಎಂಟು ಕಾಗದಕ್ಕೆ ಎಂಟು ಉತ್ತರ ಬಂದವು, ತಿರುಮಲೇಶನ ಅದೇ ಓರೆ ಅಕ್ಷರದಲ್ಲಿ.

ಮಿಸೆಸ್ ಹಯಾಶಿ ಲಕೋಟೆಯನ್ನು ಮೇಜಿನ ಮೇಲಿಟ್ಟು ಕೈ ಹಿಂದೆಗೆದುಕೊಂಡರು. "ಇದು ಅಂಚೆಯವರು ಒತ್ತುವ ಮುದ್ರೆಯ ಮಾತು. 'ಈ ವಿಳಾಸದಲ್ಲಿ ಇಂಥವರು ಸಿಗಲಿಲ್ಲ' ಅಂತ. ಅಲ್ಲಿ ಬೀದಿಗಳಿಗೆ ಹೆಸರಿಲ್ಲ, ವೇದಾ. ಎಷ್ಟೋ ಕಡೆ ಮನೆ ನಂಬರೂ ಸಾಲಾಗಿ ಇರೋದಿಲ್ಲ, ಯಾವುದು ಮೊದಲು ಕಟ್ಟಿದರೋ ಅದು ಮೊದಲು. ಅದಕ್ಕೇ ಅಂಚೆಯವನು ಬಾಗಿಲ ಪಕ್ಕದ ಹೆಸರಿನ ಹಲಗೆ ನೋಡ್ತಾನೆ. ಹಲಗೆಯಲ್ಲಿ ಹೆಸರಿದ್ದರೆ ನೀವು ಇದ್ದೀರಿ, ಇಲ್ಲದಿದ್ದರೆ ಇಲ್ಲ."

"ಮತ್ತೆ ಉತ್ತರ ಬಂತಲ್ಲ!"

"ಅದನ್ನೇ ನಾನೂ ಯೋಚಿಸ್ತಿದ್ದೀನಿ. ಫೋನ್ ಮಾಡಿದ್ರಾ?"

ಮಾಡಿರಲಿಲ್ಲ. "ಫೋನು ಬೇಡ, ಕಾಗದ ಸಾಕು" ಎಂದು ಅವನು ಪ್ರತಿ ಸಲ ಬರೆಯುತ್ತಿದ್ದ. ಜಿಪುಣಾಗ್ರೇಸರ ಎಂದು ಅವಳು ಬೈದುಕೊಂಡು ಸುಮ್ಮನಾಗಿದ್ದಳು. ಮಿಸೆಸ್ ಹಯಾಶಿ ಗಡಿಯಾರ ನೋಡಿದರು. ಇಲ್ಲಿ ಸೋಮವಾರದ ಸಂಜೆ ಐದು, ಅಲ್ಲಿ ಮಂಗಳವಾರದ ಬೆಳಗ್ಗೆ ಒಂಬತ್ತು. ಅವನ ಆಫೀಸಿಗೆ ಅವರೇ ಫೋನು ತಿರುಗಿಸಿ, ಎದುರಿಗೆ ಯಾರೋ ನಿಂತಿದ್ದಾರೇನೋ ಎಂಬಂತೆ ತಲೆಬಾಗಿ ಬಾಗಿ ಮಾತಾಡಿದರು. ರಿಸೀವರ್ ಇಟ್ಟು ಅವಳ ಕಡೆ ತಿರುಗಿದರು.

"ಫೆಬ್ರವರಿಯಿಂದ ಅವರು ಕೆಲಸಕ್ಕೆ ಬಂದೇ ಇಲ್ಲವಂತೆ. ಹೇಳದೆ ಕೇಳದೆ ಅಮೆರಿಕಕ್ಕೆ ವಾಪಸು ಹೋದರು ಅಂತ ಅವರೆಲ್ಲ ತಿಳಿದಿದ್ದಾರೆ."

ವೇದವತಿ ತಡಬಡಿಸಿ ವ್ಯಾನಿಟಿ ಬ್ಯಾಗು ತೆಗೆದಳು. "ಸುಳ್ಳು. ಬೆಳಗ್ಗೆ ತಾನೇ ಅವರ ಕಾಗದ ಬಂದಿದೆ. ಮನೆ ಬಾಗಿಲಿನ ಫೋಟೋನೂ ಕಳಿಸಿದ್ದಾರೆ, ನೋಡಿ. ಹಲಗೆ ಹಾಕಿಸಿದ್ದಾರೆ. ಅವರ ಹೆಸರು ಅಲ್ಲೇ ಇರಬೇಕಲ್ಲ?"

ಮಿಸೆಸ್ ಹಯಾಶಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿದರು. "ಬೆ... ದಾ... ಬಾ... ತಿ." ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದರು. "ಪಾ... ದೋ... ಮಾ... ಜಾ."

"ಅವರದು?"

"ಇಲ್ಲ. ಇರೋದು ನಿಮ್ಮಿಬ್ಬರ ಹೆಸರೇ."

ವೇದವತಿ ಫೋಟೋವನ್ನು ಕಿತ್ತುಕೊಂಡು ಬ್ಯಾಗಿಗೆ ತುರುಕಿದಳು. ಗಂಡ ಏನಾದನೋ ಎಂಬ ಸಂಕಟ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಮಗಳದು. ಯಾರು ಕರೆದರೂ ಸರಿ, ಯಾರ ಅಕ್ಷರದಲ್ಲಿ ಕರೆದರೂ ಸರಿ, ಆ ಬಾಗಿಲಿಗೆ ಪದ್ಮಜಾಳನ್ನು ಕರೆದೊಯ್ಯುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಮನೆಗೆ ಬಂದು ಎರಡೂ ಟಿಕೆಟ್ಟುಗಳನ್ನು ಚೂರುಚೂರು ಮಾಡಿದಳು. ಗುರುವಾರ ವಿಮಾನ ಹೊರಡುವ ಹೊತ್ತಿಗೆ ಒಳಗಿನಿಂದ ಬಾಗಿಲು ಹಾಕಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದಳು. ಹೊತ್ತು ಕಳೆಯಿತು. ಏನೂ ಆಗಲಿಲ್ಲ. ಗಂಡಾಂತರ ತಪ್ಪಿತೆಂದು ಕುಲದೇವರಿಗೆ ಮುಡಿಪು ಕಟ್ಟಿದಳು.

ಶುಕ್ರವಾರ ಮಧ್ಯಾಹ್ನ ಎಂದಿನ ಪೋಸ್ಟ್‌ಮನ್ ಬಂದ. ವೇದವತಿ ಮಗಳ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎರಡು ವರ್ಷದಿಂದ ಹೆಸರು ಹಿಡಿದು ಕರೆಯುತ್ತಿದ್ದವನು ಇಂದು ಮೌನವಾಗಿ ಮೆಟ್ಟಿಲು ಹತ್ತಿದ. ಅವಳು ನಕ್ಕು ಕೈ ಚಾಚಿದಳು. ಅವನು ಅವಳ ಮುಖದ ಮೂಲಕವೇ ಒಳಗಿನ ಹಜಾರವನ್ನು ಇಣುಕಿ ನೋಡಿ, ಎರಡು ಸಲ ಬೆಲ್ ಒತ್ತಿ ಕಾದ. ಆಮೇಲೆ ಅವಳ ಹೆಸರಿನ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದು, ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.